ಕೌಂಟರಿನ ಈಚೆ ಕೂತವರ ಒಂದು ದಿನ

ಅಜ್ಜಿಗೆ ಎಂಬತ್ತರ ಹತ್ತಿರ ಪ್ರಾಯ ಇದ್ದೀತು. ಪಿಂಚಣಿ ನಿಂತು ನಾಲ್ಕು ತಿಂಗಳಾಗಿತ್ತು. ನಮ್ಮ ಪಂಚಾಯತ್ ಕಚೇರಿಯ ಕೌಂಟರಿನಲ್ಲಿ ಆ ದಿನ ಕೂತಿದ್ದವನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಕೊಲ್ಲಂ ಕಡೆಯವನು. ಬಂದ ಎರಡೇ ತಿಂಗಳಲ್ಲಿ ನಾಲ್ಕಾರು ಕನ್ನಡ ಶಬ್ದ ಕಲಿತಿದ್ದ. ಅವನ್ನೇ ಜೋಡಿಸಿ, "ಅಮ್ಮ, ಅಪೇಕ್ಷೆ ಬೇಕು. ಅಪೇಕ್ಷೆ ಎಲ್ಲಿ?" ಅಂತ ಕೇಳಿದ.

ಅಜ್ಜಿ ಸ್ವಲ್ಪ ಹೊತ್ತು ಅವನ ಮುಖ ನೋಡಿದರು. "ನನಗೆ ಇನ್ನೆಂತ ಅಪೇಕ್ಷೆ ಮಗಾ? ಆ ಪಿಂಚಣಿ ಒಂದು ಬಂದರೆ ಸಾಕು" ಅಂದರು.

ಮಲಯಾಳದಲ್ಲಿ ಅಪೇಕ್ಷೆ ಅಂದರೆ ಅರ್ಜಿ. ಕಾಸರಗೋಡಿನ ಕಚೇರಿಗಳಲ್ಲಿ ದುಡಿಯುವ ನಮಗೆ ಇದು ದಿನಾ ಕೇಳಿ ಕಿವಿ ಒಗ್ಗಿದ ಮಾತು. ಅಜ್ಜಿಗೆ ಒಗ್ಗಿಲ್ಲ. ಹುಡುಗ ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ ಕೇಳಿದ. ನಾನು ಹಿಂದಿನ ಮೇಜಿನಲ್ಲಿ ಒಂದು ಫಯಲು ಮುಗಿಸಿ ಏಳುವಷ್ಟರಲ್ಲಿ ಅವರು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು, ಬಸ್ಸು ಹತ್ತಿ ಹೋಗಿಯಾಗಿತ್ತು.

ಆ ಸಂಜೆ ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಪಟ್ಟಿಯಿಂದಲೇ ಪಿಎಸ್‌ಸಿ ಮೂಲಕ ಬಂದವಳು ನಾನು. ಎರಡು ಭಾಷೆ ಗೊತ್ತಿದೆ ಅಂತಲೇ ಸರ್ಕಾರ ನನಗೆ ಈ ಕುರ್ಚಿ ಕೊಟ್ಟದ್ದು. ಕುರ್ಚಿಯಿಂದ ಐದು ಹೆಜ್ಜೆ ದೂರದಲ್ಲಿ ಒಬ್ಬ ಅಜ್ಜಿ ಕೈಬೀಸಿಕೊಂಡು ಹಿಂದೆ ಹೋದರು, ನಾನು ಫಯಲು ಮುಗಿಸುತ್ತಾ ಇದ್ದೆ.

ಇದಾದ ಕೆಲವು ವಾರಗಳಲ್ಲಿ, 2024ರ ಜನವರಿಯಲ್ಲಿ, ನೀರ್ಚಾಲಿನ ಒಂದು ಮನೆಯ ಜಗಲಿಯಲ್ಲಿ ನಾವು ಐದು ಮಂದಿ ಕೂತೆವು. ಮನೆ ಬ್ಲಾಕ್ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರದ್ದು. ಉಳಿದವರು ಆರೋಗ್ಯ ಕೇಂದ್ರದ ಒಬ್ಬರು ನರ್ಸ್ ಅಕ್ಕ, ಕೃಷಿ ಭವನದ ಸಹಾಯಕರು, ವಿಲ್ಲೇಜ್ ಆಫೀಸಿನ ಒಬ್ಬರು ಮತ್ತು ನಾನು. ಚಂದ್ರಗಿರಿ ಹೊಳೆಯ ಉತ್ತರದಲ್ಲಿ ಕೆಲಸ ಮಾಡುವ ಸರ್ಕಾರಿ ನೌಕರರಿಗೆ ಒಂದು ದಿನದ ಸಮಾವೇಶ ಮಾಡಬೇಕು, ಜನರ ಎದುರು ಕೂರುವವರು ಮುಂದಾಳುಗಳಾಗುವುದು ಹೇಗೆ ಅಂತ ಮಾತಾಡಬೇಕು ಅಂತ ನಿಶ್ಚಯವಾಯಿತು. ಸಂಬಳದ ಬಗ್ಗೆ, ಡಿಎ ಬಗ್ಗೆ, ವರ್ಗಾವಣೆಯ ಬಗ್ಗೆ ಸಭೆಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಕೆಲಸದ ಬಗ್ಗೆಯೇ ಕೂತು ಮಾತಾಡಿದ ಸಭೆ ನನ್ನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಕನ್ನಡದಲ್ಲಿ ಒಂದೂ ಆಗಿರಲಿಲ್ಲ. ಇಲಾಖೆಯ ತರಬೇತಿಗೆ ತ್ರಿಶ್ಶೂರಿಗೋ ತಿರುವನಂತಪುರಕ್ಕೋ ಹೋಗಿದ್ದೇನೆ, ತುಂಬ ಕಲಿತಿದ್ದೇನೆ. ಆದರೆ ಕುಮ್ಕಿ ಅಂದರೆ ಎಂತ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಅಲ್ಲಿನವರಿಗಿಲ್ಲ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವರು. ಭೂಮಿಯ ಹಕ್ಕಿನ ಮಾತುಗಳು ಇನ್ನೂ ಆ ಕಾಲದವೇ. ವರ್ಗ, ಕುಮ್ಕಿ, ಮೂಲಗೇಣಿ ಅಂತ ಜನ ಹೇಳುವಾಗ ಎದುರಿಗೆ ಕೂತವರಿಗೆ ಅರ್ಥವಾಗದಿದ್ದರೆ ಫಯಲು ಅಲ್ಲೇ ನಿಲ್ಲುತ್ತದೆ.

ಮೊದಲ ತಪ್ಪು ದಿನಾಂಕದ್ದು. ಏಪ್ರಿಲ್ 21 ಅಂತ ನಾನೇ ಹೇಳಿದೆ. 1947ರಲ್ಲಿ ಆ ದಿನ ದೆಹಲಿಯ ಮೆಟ್‌ಕಾಫ್ ಹೌಸಿನಲ್ಲಿ ಸರ್ದಾರ್ ಪಟೇಲರು ಹೊಸ ಆಡಳಿತ ಸೇವೆಯ ಮೊದಲ ತಂಡದ ಎದುರು ಮಾತಾಡಿದ್ದರು. ಆ ನೆನಪಿಗೆ ಅದನ್ನು ನಾಗರಿಕ ಸೇವಾ ದಿನ ಅಂತ ಆಚರಿಸುತ್ತಾರೆ. 2024ರಲ್ಲಿ ಅದು ಆದಿತ್ಯವಾರವೇ ಬಿದ್ದಿತ್ತು. ಇದಕ್ಕಿಂತ ಒಳ್ಳೆಯ ದಿನ ಬೇಕಾ ಅಂದುಕೊಂಡು ಹಾಲ್ ಕೇಳಿ, ಮುಂಗಡ ಕೊಟ್ಟು ಬಂದೆವು. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಕೇರಳಕ್ಕೆ ಏಪ್ರಿಲ್ 26. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಚುನಾವಣಾ ಡ್ಯೂಟಿ, ಅದರ ಮೇಲೆ ನೀತಿ ಸಂಹಿತೆ. 2019ರಲ್ಲೂ ಏಪ್ರಿಲ್ 23ಕ್ಕೇ ಮತದಾನ ಇತ್ತು, ನಾನೇ ಒಂದು ಬೂತಿನಲ್ಲಿ ಕೂತಿದ್ದೆ. ಸರ್ಕಾರಿ ನೌಕರರ ಕಾರ್ಯಕ್ರಮ ಮಾಡುವವರು ಮೊದಲು ತೆಗೆಯಬೇಕಾದದ್ದು ಚುನಾವಣೆಯ ಕ್ಯಾಲೆಂಡರ್, ಆಮೇಲೆ ಮಳೆಯದ್ದು, ಆಮೇಲೆ ಹಬ್ಬದ್ದು. ನಾವು ಪಟೇಲರನ್ನು ಮೊದಲು ತೆಗೆದೆವು.

ಜೂನ್‌ನಲ್ಲಿ ಮತ್ತೆ ಕೂತಾಗ ಬುದ್ಧಿ ಬಂದಿತ್ತು. ಮಳೆಗಾಲದಲ್ಲಿ ಕಂದಾಯದವರು, ಆರೋಗ್ಯದವರು ಅಲ್ಲಾಡುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಓಣಂ, ಅಕ್ಟೋಬರ್‌ನ ಎರಡನೇ ಶನಿವಾರ ನವರಾತ್ರಿಯ ಗಡಿಬಿಡಿ. ಹಾಗೆ ಮುಂದೆ ಸರಿಯುತ್ತಾ ನವೆಂಬರ್ 9ಕ್ಕೆ ಬಂದು ನಿಂತೆವು. ಎರಡನೇ ಶನಿವಾರ ಅಂದರೆ ಕಚೇರಿಗಳಿಗೆ ರಜೆ, ಗುಮಾಸ್ತರು ಬರಬಹುದು. ಆದರೆ ಕಾಸರಗೋಡಿನ ಮೇಲಧಿಕಾರಿಗಳಲ್ಲಿ ಹಲವರು ತೆಂಕಣ ಜಿಲ್ಲೆಗಳವರು, ಶುಕ್ರವಾರ ಸಂಜೆ ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ಊರಿಗೆ ಹೋಗುವವರು. ಕೆಲಸದ ದಿನ ಇಟ್ಟರೆ ಅಧಿಕಾರಿಗಳು ಸಿಗುತ್ತಾರೆ, ಗುಮಾಸ್ತರು ಬರಲಾಗುವುದಿಲ್ಲ. ಎರಡರಲ್ಲಿ ಒಂದು ಆರಿಸಬೇಕಿತ್ತು. ಗುಮಾಸ್ತರನ್ನು ಆರಿಸಿದೆವು. ಈಗ ಕೇಳಿದರೂ ಅದೇ ಸರಿ ಅನ್ನುತ್ತೇನೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರಿ ನೌಕರರು ಅನುಮತಿಯಿಲ್ಲದೆ ವಂತಿಗೆ ಎತ್ತುವಂತಿಲ್ಲ, ನಡತೆ ನಿಯಮ ಸ್ಪಷ್ಟವಾಗಿದೆ. ಪೇಟೆಯ ಒಬ್ಬ ವ್ಯಾಪಾರಿ ಊಟದ ಖರ್ಚು ಪೂರ್ತಿ ಕೊಡುತ್ತೇನೆ ಅಂದರು, ಬಾಯಿ ತುಂಬ ಹೇಳಿದರು. ನಾಳೆ ಅವರದ್ದೇ ಲೈಸೆನ್ಸ್ ಫಯಲು ನನ್ನ ಮೇಜಿಗೆ ಬರುತ್ತದೆ. ಕೈಮುಗಿದು ಬೇಡ ಅಂದೆವು. ಪ್ರವೇಶ ಶುಲ್ಕವನ್ನು ಐನೂರು ಇಡುವ ಅಂತ ಮೊದಲ ಯೋಚನೆ. ಅಷ್ಟರಲ್ಲಿ ಜುಲೈ 30ಕ್ಕೆ ವಯನಾಡಿನಲ್ಲಿ ಗುಡ್ಡ ಕುಸಿಯಿತು. ಪರಿಹಾರಕ್ಕೆ ನೌಕರರಿಂದ ಐದು ದಿನದ ಸಂಬಳ ಕೇಳಿದ್ದರು, ಕೊಟ್ಟವರ ಕೈಯಲ್ಲಿ ಮತ್ತೆ ಐನೂರು ಕೇಳಲು ಮನಸ್ಸು ಬರಲಿಲ್ಲ. ಇನ್ನೂರಕ್ಕೆ ಇಳಿಸಿದೆವು. ಇಲಾಖೆಗಳಿಗೆ ಬರೆದ ಪತ್ರಕ್ಕೆ, ರಜಾದಿನದಲ್ಲಿ ಸ್ವಂತ ಖರ್ಚಿನಲ್ಲಿ ಮಾಡುವುದಾದರೆ ಅಡ್ಡಿಯಿಲ್ಲ, ಡ್ಯೂಟಿಯಾಗಿ ಪರಿಗಣಿಸುವುದಿಲ್ಲ ಅಂತ ಉತ್ತರ ಬಂತು. ಅಷ್ಟು ಸಾಕಿತ್ತು.

ಮುಖ್ಯ ಭಾಷಣಕಾರರನ್ನು ಹುಡುಕಿದ್ದು ದೊಡ್ಡ ಕಥೆ. ಬೆಂಗಳೂರಿನ ಒಬ್ಬ ತರಬೇತುದಾರರನ್ನು ಪರಿಚಯದವರು ಸೂಚಿಸಿದರು. ಒಳ್ಳೆಯ ಮಾತುಗಾರರೇ. ಅವರು ಕಳಿಸಿದ ಸ್ಲೈಡುಗಳನ್ನು ನೀರ್ಚಾಲಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ನೋಡಿದೆವು. ಹದ್ದು ಹಾರುವ ಚಿತ್ರ, ಬೆಟ್ಟದ ತುದಿಯಲ್ಲಿ ಕೈಯೆತ್ತಿ ನಿಂತ ಮನುಷ್ಯ, ಗುರಿ, ಛಲ, ಗೆಲುವು. ನಲವತ್ತೆರಡು ಸ್ಲೈಡುಗಳಲ್ಲಿ ಒಂದರಲ್ಲೂ ಒಬ್ಬ ಅರ್ಜಿದಾರ ಇರಲಿಲ್ಲ. ನರ್ಸ್ ಅಕ್ಕ ಲ್ಯಾಪ್‌ಟಾಪ್ ಮುಚ್ಚಿ, "ಇದು ಯಾರನ್ನಾದರೂ ಸೋಲಿಸಲಿಕ್ಕೆ ಉಂಟಲ್ಲ, ಅಂಥವರಿಗೆ. ನಮಗೆ ಯಾರನ್ನು ಸೋಲಿಸಲಿಕ್ಕುಂಟು?" ಅಂದರು. ಹೊರಗಿನ ಭಾಷಣಕಾರರು ಬೇಡ, ನಮ್ಮವರೇ ತಮ್ಮ ಒಂದೊಂದು ಫಯಲಿನ ಕಥೆ ಹೇಳಲಿ ಅನ್ನುವ ತೀರ್ಮಾನ ಆಗ ಬಂತು. ಒಬ್ಬರಿಗೆ ಎಂಟು ನಿಮಿಷ. ಆಮೇಲೆ ಎಂಟು ನಿಮಿಷ ಪ್ರಶ್ನೆ.

ಆದರೆ ಆ ಕಥೆ ಹೇಳುವವರನ್ನು, ಕೇಳುವವರನ್ನು ಕರೆಯುವುದು ಹೇಗೆ?

ಮೊದಲ ಪ್ರಕಟಣೆ ನಾನೇ ಬರೆದದ್ದು. "ಸಾರ್ವಜನಿಕ ಸೇವಕರ ನಾಯಕತ್ವ ಸಮಾವೇಶ. ತಾವೆಲ್ಲರೂ ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿ ಯಶಸ್ವಿಗೊಳಿಸಬೇಕಾಗಿ ವಿನಂತಿ." ವಾಟ್ಸಾಪ್‌ನಲ್ಲಿ ನಮಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೆ ಹಾಕಿದೆವು. ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ಮೂರು ವಾರದಲ್ಲಿ ಹೆಸರು ಕೊಟ್ಟವರು ಹನ್ನೊಂದು ಮಂದಿ, ಅದರಲ್ಲಿ ಐದು ನಾವೇ.

ಹಾಗಾಗಿ ಕಚೇರಿಯಿಂದ ಕಚೇರಿಗೆ ಹೋಗುವ ಕೆಲಸ ಶುರುವಾಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹತ್ತಿರದವಕ್ಕೆ, ಅರ್ಧ ದಿನ ರಜೆ ಹಾಕಿ ದೂರದವಕ್ಕೆ. ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ. ಜಿಲ್ಲೆಯ ಮೂವತ್ತೆಂಟು ಗ್ರಾಮ ಪಂಚಾಯತ್‌ಗಳಲ್ಲಿ ಕನ್ನಡ ಹೆಚ್ಚಾಗಿ ಕೇಳುವ ಕಡೆಗಳೆಲ್ಲ. ಸ್ಕೂಟರಿನಲ್ಲಿ ಕೃಷಿ ಭವನದವರ ಹಿಂದೆ ಕೂತು ಎಷ್ಟು ಗುಡ್ಡ ಹತ್ತಿಳಿದೆನೋ.

ಮುಳ್ಳೇರಿಯದಿಂದ ಆಚೆಗಿನ ಒಂದು ಕಚೇರಿಯಲ್ಲಿ ತಪಾಲು ನೋಡುವ ಹಿರಿಯ ಗುಮಾಸ್ತರೊಬ್ಬರು ಸಿಕ್ಕಿದರು. ನಿವೃತ್ತಿಗೆ ಒಂದು ವರ್ಷ ಉಳಿದವರು. ನೋಟಿಸು ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ನಾಯಕತ್ವ ಎಲ್ಲ ನಮಗಲ್ಲ ಅಕ್ಕ. ನಾನು ಸೀಲ್ ಹೊಡೆದು ನಂಬರ್ ಹಾಕುವವ. ಕಲೆಕ್ಟರಿಗೆ, ತಹಶೀಲ್ದಾರಿಗೆ ಕೊಡಿ ಇದನ್ನು."

ಎದ್ದು ಬರಬೇಕು ಅನ್ನುವಾಗ ಅವರ ಮೇಜಿನ ಮೇಲೆ ಒಂದು ಕಟ್ಟು ಚೀಟಿ ಕಂಡಿತು. ಹಳೆಯ ಗೋಡೆ ಕ್ಯಾಲೆಂಡರನ್ನು ಒಂದೇ ಅಳತೆಗೆ ಕತ್ತರಿಸಿ, ಹಿಂಬದಿಯ ಬಿಳಿ ಮೇಲೆ ಬರುವ ಹಾಗೆ ಜೋಡಿಸಿ, ಮೇಲೊಂದು ಕ್ಲಿಪ್ ಹಾಕಿದ್ದರು. ಅದೇನು ಅಂತ ಕೇಳಿದೆ. ಕನ್ನಡದಲ್ಲಿ ಬಂದ ಪ್ರತಿ ಅರ್ಜಿಗೂ ಒಂದು ಚೀಟಿ ಸಿಕ್ಕಿಸುತ್ತಾರಂತೆ. ಯಾರು, ಎಲ್ಲಿಯವರು, ಏನು ಕೇಳುತ್ತಿದ್ದಾರೆ, ಯಾವ ತಾರೀಕಿನೊಳಗೆ ಆಗಬೇಕು ಅನ್ನುವುದನ್ನು ಮಲಯಾಳದಲ್ಲಿ ನಾಲ್ಕು ಸಾಲು. ಕನ್ನಡ ಓದಲು ಬಾರದ ಅಧಿಕಾರಿ ಆ ಅರ್ಜಿಯನ್ನು ಆಮೇಲೆ ನೋಡುವ ಅಂತ ಬದಿಗಿಡಬಾರದಲ್ಲ, ಅದಕ್ಕೆ. ಹೇಳಿದವರು ಯಾರೂ ಇಲ್ಲ, ಆದೇಶವೂ ಇಲ್ಲ. ಎಷ್ಟು ವರ್ಷದಿಂದ ಅಂತ ಕೇಳಿದರೆ ಲೆಕ್ಕ ಹಾಕಿ, "ಹದಿಮೂರಾಯ್ತು" ಅಂದರು. ಅಷ್ಟರಲ್ಲಿ ಏಳು ಮಂದಿ ಅಧಿಕಾರಿಗಳು ಬದಲಾಗಿದ್ದರಂತೆ.

1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಮ್ಮ ಪ್ರದೇಶದ ಕನ್ನಡಿಗರು ಕನ್ನಡದಲ್ಲೇ ಸರ್ಕಾರಕ್ಕೆ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಆ ಕಾಯ್ದೆಯನ್ನು ಎಷ್ಟು ಸಭೆಗಳಲ್ಲಿ ಉದ್ಧರಿಸಿದ್ದು ಕೇಳಿದ್ದೇನೆ. ಅದು ಒಂದು ಮೇಜಿನ ಮೇಲೆ ಕ್ಯಾಲೆಂಡರ್ ಚೂರಿನಲ್ಲಿ ದಿನಾ ಜಾರಿಯಾಗುವುದನ್ನು ಅವತ್ತು ಮೊದಲು ನೋಡಿದೆ. ಗಂಟಲು ಕಟ್ಟಿತು ಅಂದರೆ ಸುಳ್ಳಲ್ಲ.

ಮರುದಿನವೇ ನೋಟಿಸು ಬದಲಾಯಿಸಿದೆವು. "ನಾಯಕತ್ವ" ಅನ್ನುವ ಶಬ್ದವನ್ನು ಕೆಳಗಿನ ಸಾಲಿಗೆ ಇಳಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದೆವು: "ಯಾರೂ ಹೇಳದೆ ನೀವು ಮಾಡುತ್ತಿರುವ ಒಂದು ಒಳ್ಳೆಯ ಕೆಲಸ ಯಾವುದು? ಬಂದು ಹೇಳಿ." ಅದರ ಕೆಳಗೆ ದಿನ, ಜಾಗ, ಬಸ್ಸಿನ ಸಮಯ. ಬಸ್ಸಿನ ಸಮಯ ಹಾಕಿದ್ದು ಎಷ್ಟು ಪ್ರಯೋಜನವಾಯಿತು ಅಂದರೆ, ಆಮೇಲೆ ಬಂದ ಫೋನುಗಳಲ್ಲಿ ಅರ್ಧ ಅದನ್ನು ಹಿಡಿದೇ ಮಾತಾಡಿದವು. ಮಂಜೇಶ್ವರ ಕಡೆಯವರಿಗೆ ರೈಲುಂಟು. ದೇಲಂಪಾಡಿಯವರಿಗೆ ಸಂಜೆ ಮನೆ ಸೇರುವುದೇ ಚಿಂತೆ. ಅವರಿಗಾಗಿ ಕಾರ್ಯಕ್ರಮವನ್ನು ನಾಲ್ಕೂಕಾಲಕ್ಕೆ ಮುಗಿಸುತ್ತೇವೆ ಅಂತ ಬರೆದು ಕೊಟ್ಟೆವು.

ಅಚ್ಚಿನ ಮನೆಯ ಪಾಡು ಬೇರೆ. ನಾವು ಕೊಟ್ಟದ್ದು ಯುನಿಕೋಡ್, ಅವರ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಫಾಂಟು. ಪ್ರೂಫ್ ಬಂದಾಗ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. "ಕೆಲಸ", "ನೀವು", "ಬಂದು" ಇವೆಲ್ಲ ಸರಿ ಇವೆ, "ನಾಯಕತ್ವ"ದಲ್ಲಿ ವತ್ತು ಎಲ್ಲೋ ಹೋಗಿದೆ, "ಮಂಜೇಶ್ವರ" ಓದುವ ಹಾಗೇ ಇಲ್ಲ, "ಕಾರ್ಯಕ್ರಮ"ದ ಅರ್ಕಾವೊತ್ತು ಮುಂದಿನ ಅಕ್ಷರದ ತಲೆ ಮೇಲೆ ಕೂತಿದೆ. ಎರಡು ಸಂಜೆ ಅಲ್ಲೇ ಸ್ಟೂಲಿನಲ್ಲಿ ಕೂತು ಅಕ್ಷರಕ್ಕೆ ಅಕ್ಷರ ತಿದ್ದಿಸಿದೆ. ಸರ್ಕಾರಿ ಫಾರಂಗಳಲ್ಲಿ ಕನ್ನಡ ಹೀಗೆ ಕಳಚಿ ಬಿದ್ದದ್ದನ್ನು ಕಂಡು ನೊಂದವರು ನಾವು. ನಮ್ಮದೇ ನೋಟಿಸಿನಲ್ಲಿ ಅದು ಆಗಕೂಡದು ಅನ್ನುವ ಹಟ ಇತ್ತು.

ಮಲಯಾಳದಲ್ಲೂ ನೋಟಿಸು ಇತ್ತು. ಇದಕ್ಕೆ ನಮ್ಮವರಲ್ಲೇ ಕೆಲವರು ಮುನಿಸಿಕೊಂಡರು. "ಕನ್ನಡ ನೌಕರರಿಗೆ ಅಂತ ಮಾಡುವುದು ಒಂದು, ಅದರಲ್ಲೂ ಮಲಯಾಳ ಎಂತಕ್ಕೆ?" ಅಂದರು. ಅವರ ನೋವು ನನಗೆ ಗೊತ್ತು, ಅದು ಸುಮ್ಮನೆ ಬಂದದ್ದಲ್ಲ. ಚಂದ್ರಗಿರಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕು ಅಂದ ಮಹಾಜನ ಆಯೋಗದ ವರದಿಯನ್ನು ಓದುತ್ತಲೇ ಬೆಳೆದ ಹಿರಿಯರು ಅವರು. ಇನ್ನೊಂದು ಕಡೆಯಿಂದ ನೌಕರರ ಸಂಘಟನೆಗಳವರು, "ಇದು ಯಾವ ಕಡೆಯದ್ದು? ಹಿಂದೆ ಯಾರಿದ್ದಾರೆ?" ಅಂತ ವಿಚಾರಿಸಿದರು. ನಾವು ಎಲ್ಲ ಸಂಘಟನೆಗಳ ಕಚೇರಿಗೂ ಒಂದೇ ದಿನ ಹೋಗಿ ಒಂದೇ ನೋಟಿಸು ಕೊಟ್ಟೆವು. ಯಾವ ಜನಪ್ರತಿನಿಧಿಯೂ ವೇದಿಕೆಯಲ್ಲಿ ಇರುವುದಿಲ್ಲ, ಉದ್ಘಾಟನೆ ಇಲ್ಲ, ಸನ್ಮಾನ ಇಲ್ಲ ಅಂದೆವು. ಮಲಯಾಳದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ ಇತ್ತು. ಅಜ್ಜಿಯ ಎದುರು ಕೂತಿದ್ದವನು ಕೊಲ್ಲಂನ ಹುಡುಗ. ಅವನನ್ನು ಹೊರಗಿಟ್ಟು ನಾವು ನಾವೇ ಮಾತಾಡಿಕೊಂಡರೆ ಅಜ್ಜಿಗೆ ಬಂದ ಲಾಭ ಎಂತ?

ಅವನೇ ಮಲಯಾಳದ ಪ್ರತಿ ಬರೆದುಕೊಟ್ಟ. ಕನ್ನಡದ ತಲೆಬರಹವನ್ನೂ ತಾನೇ ಬರೆಯುತ್ತೇನೆ ಅಂತ ಆಸೆಯಿಂದ ಕೂತು "ಕ್ಷಣಪತ್ರ" ಅಂತ ಬರೆದು ತಂದು ತೋರಿಸಿದ. ಮಲಯಾಳದಲ್ಲಿ ಕ್ಷಣ ಅಂದರೆ ಆಮಂತ್ರಣ. ನಮ್ಮಲ್ಲಿ ಅದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಅಂತ ಹೇಳಿದೆ. ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, "ಚೇಚಿ, ಹಾಗಾದರೆ ಅವತ್ತು ಆ ಅಮ್ಮನ ಹತ್ತಿರ ನಾನು ಎಂತ ಕೇಳಿದೆ?" ಅಂದ. ಹೇಳಿದೆ. ಅವನ ಕಣ್ಣು ತುಂಬಿತು. ಆ ಅಜ್ಜಿಯ ಮನೆ ಹುಡುಕಿಕೊಂಡು ಹೋಗಿ ಅರ್ಜಿ ಬರೆಸಿ ತಂದದ್ದು, ಎರಡು ತಿಂಗಳಲ್ಲಿ ಪಿಂಚಣಿ ಮತ್ತೆ ಬರುವ ಹಾಗೆ ಮಾಡಿದ್ದು ಅವನೇ. ಅದನ್ನು ಅವನು ಯಾರಿಗೂ ಹೇಳಲಿಲ್ಲ, ನನಗೆ ವಾರ್ಡಿನ ಆಶಾ ಕಾರ್ಯಕರ್ತೆಯಿಂದ ಗೊತ್ತಾದದ್ದು.

ಫ್ಲೆಕ್ಸ್ ಹಾಕುವಂತಿಲ್ಲ, ಪ್ಲಾಸ್ಟಿಕ್ ತಟ್ಟೆ ಲೋಟ ಇಲ್ಲ. ಹಸಿರು ನಿಯಮ ನಮ್ಮದೇ ಪಂಚಾಯತ್‌ಗಳು ಜನರಿಗೆ ಹೇಳುವುದು, ನಾವೇ ತಪ್ಪಿದರೆ ಹೇಗೆ? ಬಿಳಿ ಬಟ್ಟೆಯ ಮೇಲೆ ಕುಂಚದಲ್ಲಿ ಬರೆಸಿದ ಬ್ಯಾನರು ಒಂದೇ ಒಂದು. ಬರೆದವರು ಹಿಂದೆ ಯಕ್ಷಗಾನದ ಬೋರ್ಡು ಬರೆಯುತ್ತಿದ್ದವರು, ಅಕ್ಷರ ನಿಂತ ಚೆಂದ ನೋಡಲಿಕ್ಕೇ ಎರಡು ಮಂದಿ ಬಂದಿದ್ದರು. ಊಟ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರದ್ದು. ಕಾಸರಗೋಡಿನ ಕನ್ನಡ ಪತ್ರಿಕೆಗಳಿಗೆ ಒಂದು ಪುಟ್ಟ ಸುದ್ದಿ ಕೊಟ್ಟೆವು. ಅದಕ್ಕಿಂತ ಹೆಚ್ಚು ಜನರನ್ನು ತಂದದ್ದು ತಪಾಲಿನ ಹಿರಿಯರು. ಅವರು ಬರುತ್ತೇನೆ ಅಂತ ಒಪ್ಪಿದ ಮೇಲೆ ಆ ಬದಿಯ ಕಚೇರಿಗಳಿಂದ ಹೆಸರುಗಳು ತಾವಾಗಿ ಬಂದವು. ಅಕ್ಟೋಬರ್ ಕೊನೆಗೆ ನೂರ ಇಪ್ಪತ್ತಾರು.

ಅಕ್ಟೋಬರ್ 28ರ ರಾತ್ರಿ ನೀಲೇಶ್ವರದ ಕಳಿಯಾಟದಲ್ಲಿ, ಅಂದರೆ ತೆಯ್ಯಂ ಉತ್ಸವದಲ್ಲಿ, ಪಟಾಕಿ ದುರಂತವಾಯಿತು. ನೂರೈವತ್ತಕ್ಕೂ ಹೆಚ್ಚು ಮಂದಿಗೆ ಸುಟ್ಟ ಗಾಯ. ಕಂದಾಯ, ಆರೋಗ್ಯ, ಅಗ್ನಿಶಾಮಕದವರಿಗೆ ನಿದ್ದೆಯಿಲ್ಲದ ದಿನಗಳು. ವಿಪತ್ತಿನ ವಿಷಯ ಮಾತಾಡಬೇಕಿದ್ದ ಅಧಿಕಾರಿ ಬರಲಾಗುವುದಿಲ್ಲ ಅಂದರು. ಅವರು ಇರಬೇಕಾದ ಜಾಗದಲ್ಲೇ ಇದ್ದರು, ನಾವು ಒತ್ತಾಯಿಸಲಿಲ್ಲ. ಸಮಾವೇಶ ಮುಂದೂಡುವುದಾ ಅಂತ ಒಂದು ರಾತ್ರಿ ಫೋನಿನಲ್ಲೇ ಚರ್ಚೆಯಾಯಿತು. ಆ ಜಾಗ ತುಂಬಲು ನರ್ಸ್ ಅಕ್ಕ ಮುಂದೆ ಬಂದರು. ಆಮೇಲೆ ಮುಂದೂಡುವ ಮಾತು ಬರಲಿಲ್ಲ.

ನವೆಂಬರ್ 9ರ ಬೆಳಿಗ್ಗೆ ಒಂಬತ್ತಕ್ಕೆ ಹಾಲಿನಲ್ಲಿ ಹದಿನೇಳು ಜನ. ಗೋಳಿಬಜೆ ಆರುತ್ತಾ ಇತ್ತು. ನನ್ನ ಕೈಕಾಲು ತಣ್ಣಗಾಯಿತು. ಒಂಬತ್ತೂವರೆಯ ಬಸ್ಸುಗಳು ಬಂದ ಮೇಲೆ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗ ಇರಲಿಲ್ಲ. ಕೊನೆಗೆ ಲೆಕ್ಕ ನೂರ ಒಂಬತ್ತು. ಮಲಯಾಳ ಮಾತ್ರ ಬಲ್ಲವರು ಇಪ್ಪತ್ತಮೂರು ಮಂದಿ ಎಡಬದಿಯಲ್ಲಿ ಕೂತರು. ಅವರ ನಡುವೆ ಇಬ್ಬರು ಶಿಕ್ಷಕಿಯರು ಕೂತು ಮೆಲ್ಲಗೆ ಅನುವಾದ ಹೇಳುತ್ತಾ ಹೋದರು. ಊರಿಗೆ ಹೋಗದೆ ಉಳಿದ ಒಬ್ಬ ಹಿರಿಯ ಅಧಿಕಾರಿಯೂ ಅಲ್ಲಿದ್ದರು, ವೇದಿಕೆಗೆ ಕರೆದರೂ ಬರಲಿಲ್ಲ.

ನರ್ಸ್ ಅಕ್ಕ 2020ರ ಮಾರ್ಚ್ ಕೊನೆಯ ವಾರದ ಬಗ್ಗೆ ಹೇಳಿದರು. ತಲಪಾಡಿಯಲ್ಲಿ ದಾರಿ ಮುಚ್ಚಿತ್ತು. ದೊಡ್ಡ ಕಾಯಿಲೆಗೆಲ್ಲ ನಮಗೆ ಮಂಗಳೂರೇ ಗತಿ, ಐವತ್ತು ಕಿಲೋಮೀಟರ್. ಲಾಕ್‌ಡೌನ್ ಸುದ್ದಿ ಕೇಳಿದ ರಾತ್ರಿಯೇ ಅವರು ಒಂದು ನೋಟುಪುಸ್ತಕದಲ್ಲಿ ತಮ್ಮ ವ್ಯಾಪ್ತಿಯ ಡಯಾಲಿಸಿಸ್ ರೋಗಿಗಳು, ಹೆರಿಗೆ ಹತ್ತಿರದ ಗರ್ಭಿಣಿಯರು, ಕ್ಯಾನ್ಸರಿನವರು, ಯಾರು ಯಾವ ವಾರ ಎಲ್ಲಿಗೆ ಹೋಗುತ್ತಾರೆ ಅಂತ ನೆನಪಿನಿಂದ ಬರೆದರಂತೆ. ಮರುದಿನ ಆಶಾ ಕಾರ್ಯಕರ್ತೆಯರ ಜೊತೆ ಕೂತು ಪಟ್ಟಿ ಪೂರ್ತಿ ಮಾಡಿ, ಒಬ್ಬೊಬ್ಬರಿಗೂ ತೆಂಕಣ ಆಸ್ಪತ್ರೆಗಳಲ್ಲಿ ಜಾಗ ಕೇಳುತ್ತಾ ಹೋದರು. ಕಾಞಂಗಾಡು, ಕಣ್ಣೂರು. "ಆರ್ಡರ್ ಬಂದದ್ದು ಆಮೇಲೆ" ಅಂದರು. ಆ ನೋಟುಪುಸ್ತಕ ತಂದಿದ್ದರು, ಎಲ್ಲರ ಕೈಯಲ್ಲಿ ಹಾದು ಹೋಯಿತು. ಎರಡು ಹೆಸರುಗಳ ಎದುರು ಏನೂ ಬರೆದಿರಲಿಲ್ಲ. ಯಾರೂ ಅದರ ಬಗ್ಗೆ ಕೇಳಲಿಲ್ಲ.

ತಪಾಲಿನ ಹಿರಿಯರು ಮೈಕ್ ಹಿಡಿದಾಗ ಕೈ ನಡುಗುತ್ತಿತ್ತು. ಎಂಟು ನಿಮಿಷದಲ್ಲಿ ಐದು ನಿಮಿಷವೂ ಮಾತಾಡಲಿಲ್ಲ, ಚೀಟಿಗಳನ್ನು ಎತ್ತಿ ತೋರಿಸಿ, ಒಂದನ್ನು ಓದಿ ಕೂತರು. ಮಾತಿಗಿಂತ ಪ್ರಶ್ನೆಗಳೇ ಹೆಚ್ಚಾದವು. ಎಷ್ಟು ಸಾಲು ಬರೆಯಬೇಕು, ಸ್ಕ್ಯಾನ್ ಮಾಡುವಾಗ ಚೀಟಿಯೂ ಸೇರಬೇಕಾ, ಅಧಿಕಾರಿ ಬೇಡ ಅಂದರೆ? ಎಡಬದಿಯಿಂದ ಒಬ್ಬ ಯುವ ವಿಲ್ಲೇಜ್ ಆಫೀಸರ್ ಎದ್ದು, ತಾನು ಬಂದ ಮೊದಲ ವರ್ಷ ಕನ್ನಡ ಅರ್ಜಿಗಳನ್ನು ಬದಿಗಿಟ್ಟಿದ್ದೆ, ಓದಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು ಅಂತ ಎಲ್ಲರೆದುರು ಒಪ್ಪಿಕೊಂಡರು. ಕುಮ್ಕಿ ಅಂದರೆ ಎಂತ ಅಂತ ಕೇಳಿದ್ದೂ ಅವರೇ. ವರ್ಗ ಜಾಗದ, ಅಂದರೆ ಪಟ್ಟಾ ಜಾಗದ, ಪಕ್ಕದ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿಗೆ ವರ್ಗದಾರನಿಗೆ ಹಿಂದಿನಿಂದ ಬಂದ ಸವಲತ್ತು ಅಂತ ಕೃಷಿ ಭವನದವರು ಗೋಡೆಯ ಬೋರ್ಡಿನಲ್ಲಿ ಅಡಿಕೆ ತೋಟದ ನಕ್ಷೆ ಬರೆದು ವಿವರಿಸಿದರು. ಆ ಇಪ್ಪತ್ತು ನಿಮಿಷಕ್ಕಾಗಿ ಇಡೀ ಸಮಾವೇಶ ಮಾಡಿದ್ದರೂ ಸಾರ್ಥಕ ಅಂತ ನನಗನ್ನಿಸಿತು.

ನಿವೃತ್ತ ವಕೀಲರೊಬ್ಬರು ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯ ಬಗ್ಗೆ ಹೇಳಿದರು. ಬಸ್ಸಿನಲ್ಲಿ ಅರ್ಧ ಗಂಟೆ ದಾರಿಯ ಎಡನೀರು. ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಹೋದ ಅರ್ಜಿ, ಹದಿಮೂರು ನ್ಯಾಯಮೂರ್ತಿಗಳ ಪೀಠ, 1973ರ ಏಪ್ರಿಲ್ 24ಕ್ಕೆ ಏಳು-ಆರರ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಅನ್ನುವ ತತ್ವ. ಅದೂ ಒಂದು ಅರ್ಜಿಯಿಂದ ಶುರುವಾದದ್ದು ಅಂತ ಅವರು ಹೇಳಿದಾಗ ಸಭೆ ನಿಶ್ಶಬ್ದವಾಗಿ ಕೇಳಿತು.

ಮಧ್ಯಾಹ್ನದ ಮುಕ್ತ ಚರ್ಚೆ ಕೆಟ್ಟಿತು. ವರ್ಗಾವಣೆಯ ದೂರುಗಳ ಕಡೆಗೆ ತಿರುಗಿ ಮುಕ್ಕಾಲು ಗಂಟೆ ಅಲ್ಲೇ ಸುತ್ತಿತು, ನಡೆಸುತ್ತಿದ್ದ ನನಗೆ ತಡೆಯಲಾಗಲಿಲ್ಲ. ಕುಚ್ಚಲಕ್ಕಿ ಊಟದ ನಂತರದ ಹೊತ್ತಿಗೆ ಅಂಥ ಚರ್ಚೆ ಇಡಲೇಬಾರದು, ಸಣ್ಣ ಗುಂಪು ಮಾಡಿ ಒಂದೊಂದು ನಿಜವಾದ ಫಯಲು ಕೈಗೆ ಕೊಡಬೇಕಿತ್ತು. ದೇಲಂಪಾಡಿಯವರಿಗೆ ಕೊಟ್ಟ ಮಾತಿನ ಪ್ರಕಾರ ನಾಲ್ಕೂಕಾಲಕ್ಕೆ ಮುಗಿಸಿದೆವು.

ಲೆಕ್ಕ: ಬಂದದ್ದು 25,200 ರೂಪಾಯಿ. ಊಟ ತಿಂಡಿಗೆ 15,400, ಹಾಲಿಗೆ 4,000, ಅಚ್ಚಿಗೆ 2,350, ಮೈಕಿಗೆ 1,500, ಬಟ್ಟೆ ಬ್ಯಾನರಿಗೆ 1,200. ಉಳಿದದ್ದು 750.

ಆ 750ರಲ್ಲಿ ಏನು ಮಾಡುವ ಅಂತ ಕೇಳಿದಾಗ ಕೊಲ್ಲಂನ ಹುಡುಗ ಜೇಬಿನಿಂದ ಒಂದು ಕಾಗದ ತೆಗೆದ. ಇಡೀ ದಿನ ಕೂತು ಪಟ್ಟಿ ಮಾಡಿದ್ದ. ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ. ಅಪೇಕ್ಷೆ ಎಂದರೆ ಅರ್ಜಿ. ಅವಕಾಶ ಎಂದರೆ ಹಕ್ಕು. ಕ್ಷಣ ಎಂದರೆ ಆಮಂತ್ರಣ. ಪ್ರಸಂಗ ಎಂದರೆ ಭಾಷಣ, ಅದರ ಎದುರು ಆವರಣದಲ್ಲಿ "ಇಲ್ಲಿ ಯಕ್ಷಗಾನ" ಅಂತ. ಹೀಗೆ ನಲವತ್ತು ಶಬ್ದ. ಒಂದಕ್ಕೆ ಹದಿನೈದು ರೂಪಾಯಿಯಂತೆ ಐವತ್ತು ಪ್ರತಿ ಲ್ಯಾಮಿನೇಟ್ ಮಾಡಿಸಿದೆವು. ಕೌಂಟರಿನ ಗಾಜಿಗೆ, ಕೂತವರ ಕಣ್ಣಿನ ನೇರಕ್ಕೆ ಬರುವ ಹಾಗೆ ಅಂಟಿಸುವುದು.

ಮುಂದಿನ ವಾರ ಆ ಯುವ ವಿಲ್ಲೇಜ್ ಆಫೀಸರ್ ಫೋನ್ ಮಾಡಿದರು. ಪೋಕ್ಕುವರವ್ ಎದುರು ಖಾತೆ ಬದಲಾವಣೆ ಅಂತ ಬರೆದಿದ್ದೀರಿ, ಆದರೆ ಇಲ್ಲಿ ಕನ್ನಡದವರೂ ಪೋಕ್ಕುವರವ್ ಅಂತಲೇ ಹೇಳುತ್ತಾರಲ್ಲ, ಯಾವುದು ಸರಿ ಅಂತ. ಎರಡೂ ಬರೆದುಕೊಳ್ಳಿ ಸಾರ್, ಬಂದವರು ಯಾವುದನ್ನು ಹೇಳುತ್ತಾರೋ ಅದನ್ನೇ ನೀವೂ ಹೇಳಿ ಅಂದೆ. ಇನ್ನೆರಡು ಪ್ರತಿ ಬೇಕು, ಒಂದು ಪಕ್ಕದ, ಜನ ಆನ್‌ಲೈನ್ ಅರ್ಜಿ ಹಾಕಿಸುವ ಅಕ್ಷಯ ಕೇಂದ್ರಕ್ಕೆ ಅಂದರು. ಐವತ್ತೂ ಮುಗಿದಿತ್ತು. ನಮ್ಮ ಕೌಂಟರಿನಿಂದ ನನ್ನದನ್ನು ಕಿತ್ತು ಕಳಿಸಿದೆ, ಹುಡುಗನ ಹತ್ತಿರ ಕೈಬರಹದ ಮೂಲ ಪ್ರತಿ ಇತ್ತಲ್ಲ, ಅದನ್ನು ಅದೇ ಜಾಗದಲ್ಲಿ ಅಂಟಿಸಿದ.